ಅವ್ವನಿಗೆ ಅಜಬಖಾನಾ ತೋರಿಸಿದ್ದು

ಮನೆಯಿಂದ ನಾಲ್ಕು ಜನ ಒಟ್ಟಿಗೆ ಹೊರಟರೆಂದರೆ ದಾರಿಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಆ ನಾಲ್ವರಲ್ಲಿ ಒಬ್ಬಾಕೆ ನಮ್ಮ ಅವ್ವ ಆಗಿದ್ದರಂತೂ ಒಂದು ಸಾಲದೆಂದು ಎರಡು ನಡೆಯುತ್ತವೆ. ನಾನು ಎಷ್ಟು ಜಾಗ್ರತೆಯಿಂದ ಯೋಜನೆ ಹಾಕಿದರೂ ಇದು ತಪ್ಪಲಿಲ್ಲ.

ಆಗ ನಾನು ಪುಣೆಯಲ್ಲಿ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಸದಾಶಿವ ಪೇಠೆಯ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆಯ ಬಿಡಾರ. ನಾನು, ಹೆಂಡತಿ, ಏಳು ವರ್ಷದ ಮಗಳು. ಯುದ್ಧದ ಕಾಲ, ಪೆಟ್ರೋಲಿಗೆ ಬರ, ಸಕ್ಕರೆಗೆ ಬರ, ಸುದ್ದಿಗೆ ಮಾತ್ರ ಬರವಿರಲಿಲ್ಲ. ಆ ವರ್ಷ ಮಳೆ ಹಿಡಿಯುವ ಮುಂಚೆ ಧಾರವಾಡದಿಂದ ಅವ್ವ ನಮ್ಮಲ್ಲಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಅವಳಿದ್ದದ್ದು ಅಲ್ಲಿ ಅಣ್ಣನ ಮನೆಯಲ್ಲಿ. ಪುಣೆಯ ಸ್ಟೇಶನ್ನಿನಲ್ಲಿ ರೈಲು ಇಳಿದು, ಟಾಂಗಾ ಹತ್ತುವ ಮೊದಲೇ ಹೇಳಿಬಿಟ್ಟಳು: "ದಸರಾಕ್ಕ ಹೊಳ್ಳಿ ಹೋಗತೇನಿ."

ಅವಳು ಹೋಗಬಾರದು, ನಮ್ಮಲ್ಲೇ ಉಳಿಯಬೇಕು ಎಂದು ನನ್ನ ಆಸೆ. ನನಗಿಂತ ಹೆಚ್ಚು ಆಸೆ ನನ್ನ ಹೆಂಡತಿಗೆ. ಅತ್ತೆ ಸೊಸೆ ಇಬ್ಬರೂ ಸಂಜೆ ಹೊತ್ತು ಅಕ್ಕಿ ಆರಿಸುತ್ತ ಕೂತು ನನ್ನ ವಿಷಯ ಮಾತಾಡಿ ನಗುತ್ತಿದ್ದರು. ಆ ನಗು ಬಿಟ್ಟಿರುವುದು ಇವಳಿಗೆ ಆಗದು. "ಅವರು ಹೋದ್ರ ನಾನೂ ಅವರ ಸಂಗಾಟ ಹೋಗಾಕಿ. ನೀವು ನಿಮ್ಮ ಆಫೀಸಿನ್ಯಾಗ ಮಲಕೋರಿ" ಎಂದಳು.

ನಾನು ಅವ್ವನನ್ನೇ ಕೇಳಿದೆ. "ಇರೂದಕ್ಕೇನು, ಇರಬಹುದು" ಎಂದಳು ಅವ್ವ. "ಆದ್ರ ಧಾರವಾಡದಾಗ ಇಲ್ಲದ್ದು ಇಲ್ಲೇನದ, ಒಂದು ತೋರಸು."

ಅವಳಿಗೆ ಏನನ್ನಾದರೂ ತೋರಿಸಿ ಬೆರಗುಗೊಳಿಸುವುದು ಸುಲಭದ ಮಾತಲ್ಲ. ನಾನೋ, ಬೆರಗಾಗುವುದಕ್ಕೇ ಹುಟ್ಟಿದವನು. ಬಿಜಲಿ ದೀಪದ ಗುಂಡಿ ಒತ್ತಿದರೆ ಈಗಲೂ ಒಮ್ಮೆ ಮೇಲೆ ನೋಡಿ, ಹತ್ತಿತಲ್ಲ ಎಂದು ಸಂತೋಷಪಡುತ್ತೇನೆ. ಅವ್ವ ಹಾಗಲ್ಲ. ಲಕಡಿ ಪೂಲಿನ ಮೇಲೆ ನಿಲ್ಲಿಸಿ ಮಳೆಗಾಲದ ಮುಠಾ ನದಿ ತೋರಿಸಿದರೆ, "ಇಷ್ಟೂ ನೀರು ಕೆಂಪಗ ಅದ, ಕುಡೀಲಿಕ್ಕೆ ಬರೂದಿಲ್ಲ" ಎಂದಳು. ಧಾರವಾಡದಲ್ಲಿ ಇಲ್ಲದ್ದು ಎಂದರೆ ಒಂದೇ, ಅಜಬಖಾನಾ ಎಂದು ನಾನು ತೀರ್ಮಾನಿಸಿದೆ. ಹೆಸರೇ ಹೇಳುವಂತೆ ಅಜಬ ವಸ್ತುಗಳ ಮನೆ. ಅಲ್ಲಿಯೂ ಬೆರಗಾಗದ ಮನುಷ್ಯಪ್ರಾಣಿ ಇರಲಾರದು ಎಂದು ನಂಬಿ, ಮೊದಲು ಮುಂಬೈಯ ದೊಡ್ಡದನ್ನೇ ತೋರಿಸಲು ಹೊರಟೆ.

೧. ಕೋಟು ಮುಂದೆ ಹೋಯಿತು

ಯೋಜನೆ ಹಾಕುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಬೆಳಗಿನ ರೈಲು ಯಾವುದು, ಮುಂಬೈಯಲ್ಲಿ ಇಳಿದ ಮೇಲೆ ಯಾವ ಟ್ರಾಮು, ಊಟ ಎಲ್ಲಿ, ತಿರುಗಿ ಬರುವುದು ಹೇಗೆ, ಎಲ್ಲವನ್ನೂ ಅವ್ವನ ಮುಂದೆ ಹೇಳಿದೆ. ಅವಳು ಸಮಾಧಾನದಿಂದ ಕೇಳಿ, ಪಂಚಾಂಗ ತೆರೆದಳು.

"ಮುಂಬೈ ಯಾವ ದಿಕ್ಕಿಗದ?"

"ಪಶ್ಚಿಮಕ್ಕ."

"ನಿನಗ ಸೂಟಿ ಯಾವತ್ತು?"

"ರವಿವಾರ."

ಅವ್ವ ಪಂಚಾಂಗ ಮುಚ್ಚಿದಳು. "ರವಿವಾರ ಪಶ್ಚಿಮಕ್ಕ ಶೂಲ ಅದ. ಹೋಗಲಿಕ್ಕೆ ಬರೂದಿಲ್ಲ."

ಒಂದೊಂದು ವಾರ ಒಂದೊಂದು ದಿಕ್ಕಿಗೆ ಹೊರಡಬಾರದು ಎಂಬುದು ನಮ್ಮವರ ಹಳೆಯ ಕಟ್ಟಳೆ. ಸರಕಾರ ರವಿವಾರ ಬಿಟ್ಟು ಬೇರೆ ದಿನ ಸೂಟಿ ಕೊಡುವುದಿಲ್ಲ, ಮುಂಬೈ ಪಶ್ಚಿಮ ಬಿಟ್ಟು ಬೇರೆ ಕಡೆ ಸರಿಯುವುದಿಲ್ಲ, ಏನು ಮಾಡಲಿ ಎಂದು ನಾನು ಕೇಳಿದೆ. "ಅದನ್ನ ಅಲ್ಲಿ ಯಾರು ಇಡು ಅಂದ್ರು?" ಎಂದಳು ಅವ್ವ.

ದಾರಿ ತೋರಿಸಿದವಳು ಹೆಂಡತಿ. ಪ್ರಸ್ಥಾನ ಇಟ್ಟರಾಯಿತು ಎಂದಳು. ಅಂದರೆ, ಹೊರಡುವ ದಿನ ಸರಿಯಿಲ್ಲದಿದ್ದರೆ ಅದರ ಹಿಂದಿನ ಒಳ್ಳೆಯ ದಿನ ನಮ್ಮ ಬಟ್ಟೆಬರೆಯನ್ನು ಹೋಗುವ ದಿಕ್ಕಿನಲ್ಲಿರುವ ಒಬ್ಬರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಆ ದಿನವೇ ಸುರುವಾದಂತೆ ಲೆಕ್ಕ. ಮರುದಿನ ಗಂಟು ತೆಗೆದುಕೊಂಡು ಮುಂದೆ ಹೋಗಬಹುದು. ಅವ್ವ ಸೊಸೆಯ ಕಡೆ ನೋಡಿ, "ಈಕಿ ಇದ್ದದ್ದಕ್ಕ ನಿನ್ನ ಸಂಸಾರ ನಡದದ" ಎಂದಳು.

ವಾಡೆಯ ಪಶ್ಚಿಮದ ಮೂಲೆಯಲ್ಲಿ ಒಬ್ಬ ಮರಾಠಿ ಮಾಸ್ತರರ ಬಿಡಾರವಿತ್ತು. ಶನಿವಾರ ಸಂಜೆ ಒಳ್ಳೆಯ ಹೊತ್ತು ನೋಡಿ ಗಂಟು ಕಟ್ಟಿದೆವು. ಅವ್ವನ ಪ್ರಯಾಣದ ಸೀರೆ, ಮಗಳ ಪರಕಾರ, ದಾರಿಗೆಂದು ಹುರಿದ ಅವಲಕ್ಕಿ, ಮತ್ತು ನನ್ನ ಒಂದೇ ಒಂದು ಕೋಟು. ಮಾಸ್ತರರ ಹೆಂಡತಿ ಸಂತೋಷದಿಂದ ಗಂಟನ್ನು ದೇವರ ಮುಂದೆ ಇಟ್ಟುಕೊಂಡರು. ಅವರಲ್ಲಿಯೂ ಆ ಪದ್ಧತಿ ಉಂಟು.

ರವಿವಾರ ನಸುಕಿನಲ್ಲಿ ಸ್ನಾನ ಮಾಡಿ ನಾಲ್ವರೂ ಅವರ ಬಾಗಿಲಿಗೆ ಹೋದರೆ ಬೀಗ. ದೌಂಡದಲ್ಲಿದ್ದ ಅವರ ಮಗಳಿಗೆ ಹೆರಿಗೆ ನೋವು ಬಂತೆಂದು ಯಾರೋ ಬಂದು ಹೇಳಿ, ಗಂಡ ಹೆಂಡತಿ ಇಬ್ಬರೂ ಸಿಕ್ಕ ರೈಲು ಹತ್ತಿ ಹೋಗಿದ್ದರು. ಪಾಪ, ಆ ಗಡಿಬಿಡಿಯಲ್ಲಿ ಕಾರಕೂನನ ಕೋಟು ಯಾರಿಗೆ ನೆನಪಿರುತ್ತದೆ? ನಾನು ಕಿಟಕಿಯಿಂದ ಇಣುಕಿದೆ. ದೇವರ ಮುಂದೆ ನಮ್ಮ ಗಂಟು ಕಾಣುತ್ತಿತ್ತು. ಪ್ರಯಾಣ ನಿನ್ನೆಯೇ ಸುರುವಾಗಿತ್ತು, ನಾವು ಮಾತ್ರ ಹಿಂದೆ ಉಳಿದಿದ್ದೆವು.

ಸೋಮವಾರ ಬರೀ ಅಂಗಿಯಲ್ಲಿ ಆಫೀಸಿಗೆ ಹೋದೆ. ಸಾಹೇಬರು ಅಡಿಯಿಂದ ಮುಡಿಯವರೆಗೆ ನೋಡಿ, ಕೋಟು ಎಲ್ಲಿ ಎಂದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಕೋಟು ಶನಿವಾರವೇ ಮುಂಬೈಗೆ ಹೊರಟಿದೆ ಸಾಹೇಬರೆ, ನಾನಿನ್ನೂ ಹೊರಡಬೇಕು" ಎಂದೆ.

೨. ಒಲೆ ಹೊತ್ತ ಬಸ್ಸು

ಮುಂಬೈ ಸದ್ಯಕ್ಕೆ ದೂರವಾಯಿತು. ಅಷ್ಟರಲ್ಲಿ ದಂಡಿನ ಕ್ಯಾಂಪಿನಲ್ಲಿ ಒಂದು ಕಡೆ ಹಳೆಯ ಕತ್ತಿ, ಗುರಾಣಿ, ತೋಪುಗಳನ್ನೆಲ್ಲ ನೋಡಲು ಇಟ್ಟಿದ್ದಾರೆಂದು ಕೇಳಿದೆ. ಪುಣೆಯಲ್ಲೇ ಇದ್ದದ್ದರಿಂದ ಶೂಲದ ಕಾಟವಿಲ್ಲ. ಬಸ್ಸಿನಲ್ಲಿ ಹೋಗುವುದೆಂದು ನಿಶ್ಚಯಿಸಿದೆ. ಬಸ್ಸು ಪುಣೆಗೆ ಹೊಸದು, ಅದರಲ್ಲೂ ಆಗ ಪೆಟ್ರೋಲಿಲ್ಲದೆ ಇದ್ದಲಿಯ ಹೊಗೆಯಿಂದ ನಡೆಯುವ ಬಸ್ಸು. ಬೆನ್ನಿಗೆ ಕಟ್ಟಿದ ಎತ್ತರದ ಒಲೆ, ಅದರೊಳಗೆ ಕೆಂಡ. ಆ ಕೆಂಡದ ಬಿಸಿಯುಸಿರಿನಿಂದ ಇಪ್ಪತ್ತು ಮೂವತ್ತು ಜನ ಕೂತ ಗಾಡಿ ಓಡುತ್ತದೆ ಎಂದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಕತ್ತಿ ಗುರಾಣಿ ಹಾಗಿರಲಿ, ಈ ಬಸ್ಸನ್ನು ನೋಡಿಯೇ ಅವ್ವ ಬೆರಗಾಗುತ್ತಾಳೆ ಎಂದುಕೊಂಡೆ.

ಆಷಾಢದ ಏಕಾದಶಿ ಹತ್ತಿರ ಬಂದಿತ್ತು. ಅಲ್ಲಿಂದ ನಾಲ್ಕು ತಿಂಗಳು ಬದನೆಕಾಯಿ ತಿನ್ನುವಂತಿಲ್ಲ. ಅದಕ್ಕಾಗಿ ಅವ್ವ ದಾರಿಯಲ್ಲಿ ಒಳ್ಳೆಯ ಗುಂಡು ಬದನೆಕಾಯಿ ಕೊಂಡು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಬಸ್ಸು ಬಂತು. ನಿಂತ ಕೂಡಲೇ ಕಂಡಕ್ಟರ್ ಇಳಿದು ಹಿಂದೆ ಹೋಗಿ ಸಳಿಯಿಂದ ಕೆಂಡ ಕೆದಕಿದ. ಅವ್ವ ಹತ್ತುವುದನ್ನು ಬಿಟ್ಟು ಅವನ ಹಿಂದೆಯೇ ಹೋಗಿ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ.

"ಇಷ್ಟ ಛಲೋ ಕೆಂಡ ಅದ, ಸುಮ್ಮನ ಉರದು ಹೊಂಟದ. ಇವನ್ನಷ್ಟು ಒಳಗ ಹಾಕು ಅನ್ನು" ಎಂದು ಬದನೆಕಾಯಿ ತೆಗೆದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಕಂಡಕ್ಟರನಿಗೆ ಅನುವಾದ ಬೇಕಾಗಲಿಲ್ಲ. ಬದನೆಕಾಯಿ, ಬೆಂಕಿ, ಮುದುಕಿ, ಮೂರನ್ನೂ ಒಟ್ಟಿಗೆ ನೋಡಿದ ಮೇಲೆ ಯಾವ ಭಾಷೆ ಬೇಕು? "ದ್ಯಾ ಆಜಿ" ಎಂದು ಕೈಯೊಡ್ಡಿ, ಕೆಳಗಿನ ಬಿಸಿ ಬೂದಿಯಲ್ಲಿ ಅವನ್ನು ಹೂತಿಟ್ಟ. ಎರಡು ಸ್ಟಾಪು ದಾಟುವಷ್ಟರಲ್ಲಿ ಸುಟ್ಟ ಬದನೆಕಾಯಿಯ ವಾಸನೆ ಬಸ್ಸಿನೊಳಗೆ ತುಂಬಿತು. ಮೂರನೆಯ ಸ್ಟಾಪಿನಲ್ಲಿ ಇಳಿಯಬೇಕಾದವರು ಇಳಿಯಲಿಲ್ಲ. ಪ್ರತಿ ಸ್ಟಾಪಿನಲ್ಲೂ ಕಂಡಕ್ಟರ್ ಇಳಿದು ಹೊರಳಿಸುವುದು, ಅವ್ವ ಕಿಟಕಿಯಿಂದ ಬಗ್ಗಿ ಸಾಕೋ ಬೇಕೋ ಹೇಳುವುದು. ಸಂತೆಯಿಂದ ಬರುತ್ತಿದ್ದ ಒಬ್ಬಾಕೆ ಹಸಿಮೆಣಸಿನಕಾಯಿ ಕೊಟ್ಟಳು, ಇನ್ನೊಬ್ಬರು ಉಪ್ಪು. ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಇಳಿದು ಬಂದು ಗಂಭೀರವಾಗಿ, ಭಾಕರಿ ಏನಾದರೂ ಇದೆಯೇ ಎಂದು ವಿಚಾರಿಸಿದ.

ಅವ್ವ ಎಲ್ಲರಿಗೂ ಹಂಚಿ ಮುಗಿಸುವಷ್ಟರಲ್ಲಿ ಕತ್ತಿ ಗುರಾಣಿಗಳ ಬಾಗಿಲು ಮುಚ್ಚಿತ್ತು. ಮನೆಗೆ ಬಂದು, "ಬಸ್ಸು ಹೆಂಗನಿಸ್ತವ್ವಾ?" ಎಂದು ಆಸೆಯಿಂದ ಕೇಳಿದೆ. ಅವ್ವ ಸ್ವಲ್ಪ ಯೋಚಿಸಿ, "ಉರಿ ಸಣ್ಣಾತು" ಎಂದಳು.

೩. ನೋಡು ಎಂದರೆ ಕತ್ತಲು

ಶ್ರಾವಣದಲ್ಲಿ ಹಬ್ಬದ ಸೂಟಿಯೊಂದು ಗುರುವಾರ ಬಂತು. ಗುರುವಾರ ಪಶ್ಚಿಮಕ್ಕೆ ಅಡ್ಡಿಯಿಲ್ಲ. ಮಾಸ್ತರರಿಂದ ತಿರುಗಿ ಸಿಕ್ಕ ಕೋಟನ್ನು ಮೈಮೇಲೆಯೇ ಇಟ್ಟುಕೊಂಡು ಮುಂಬೈಗೆ ಹೊರಟೆವು.

ಮಳೆಗಾಲದ ಘಾಟು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಲೋಣಾವಳಾ ಬಿಟ್ಟ ಕೂಡಲೇ ರೈಲು ಬೆಟ್ಟದ ಅಂಚು ಹಿಡಿದು ಇಳಿಯತೊಡಗುತ್ತದೆ. ಒಂದು ಮಗ್ಗುಲಿಗೆ ಕರಿ ಬಂಡೆ, ಅದರ ಮೈತುಂಬ ಸಣ್ಣ ದೊಡ್ಡ ಜಲಪಾತ. ಇನ್ನೊಂದು ಮಗ್ಗುಲಿಗೆ ನೆಲವೇ ಇಲ್ಲ, ಬರೀ ಮೋಡ. ಹೊಗೆಯಿಲ್ಲದ ಬಿಜಲಿ ಇಂಜಿನ್ನು, ಸದ್ದೂ ಇಲ್ಲದೆ ನಮ್ಮನ್ನು ಆಕಾಶದಿಂದ ಕೆಳಗಿಳಿಸುತ್ತಿತ್ತು. ಮನುಷ್ಯನ ಕೈ ಇಂಥ ಕಡೆ ಹಳಿ ಹಾಸಿತಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅವ್ವ ಕಿಟಕಿಯ ಪಕ್ಕ ಕೂತು ಜಪಮಣಿ ಎಣಿಸುತ್ತಿದ್ದಳು. "ಅವ್ವಾ, ಅಲ್ಲಿ ನೋಡು" ಎಂದೆ. ಅವಳು ಮಣಿಯನ್ನು ಮುಗಿಸಿ, ಸೆರಗು ಸರಿಮಾಡಿಕೊಂಡು, ತಲೆ ತಿರುಗಿಸುವಷ್ಟರಲ್ಲಿ ರೈಲು ಬೆಟ್ಟ ಕೊರೆದ ಬೋಗದೆಯೊಳಗೆ ನುಗ್ಗಿತು. ಗವ್ವೆನ್ನುವ ಕತ್ತಲು. ಹೊರಗೆ ಬಂದಾಗ ಜಲಪಾತ ಹಿಂದೆ ಹೋಗಿತ್ತು. ಅಷ್ಟರಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು ಬಂತು. "ಅವ್ವಾ, ಇದನ್ನ ನೋಡು, ಲಗೂನ." ಅವಳು ತಿರುಗಿದಳು. ಮತ್ತೆ ಬೋಗದೆ. ಮುಂದೆ ಒಂದು ಕಣಿವೆ, ಅದರ ಆಳದಲ್ಲಿ ಗಿಣಿ ಬಣ್ಣದ ಗದ್ದೆ. "ಅವ್ವಾ, ನೋಡು ನೋಡು." ಮತ್ತೆ ಕತ್ತಲು. ಆ ಘಾಟಿನಲ್ಲಿ ಬೋಗದೆಗಳಿಗೆ ಲೆಕ್ಕವಿಲ್ಲ, ನನ್ನ ಉತ್ಸಾಹಕ್ಕೂ ಇರಲಿಲ್ಲ. ಎದುರಿಗೆ ಕೂತ ಮುಂಬೈಯ ಸೇಟಜಿ ಒಬ್ಬರು ಚಿಕ್ಕಿ ಕಡಿಯುವುದನ್ನು ನಿಲ್ಲಿಸಿ, ನಾನು ಬಾಯಿ ತೆರೆದಾಗೆಲ್ಲ ಮುಂಚಿತವಾಗಿಯೇ ಕಣ್ಣು ಮುಚ್ಚಿಕೊಳ್ಳತೊಡಗಿದರು.

ಕೊನೆಗೆ ಅವ್ವ ನನ್ನ ಮಂಡಿಯ ಮೇಲೆ ಕೈಯಿಟ್ಟು, ಚಿಕ್ಕವನಿದ್ದಾಗ ಬುದ್ಧಿ ಹೇಳುತ್ತಿದ್ದ ದನಿಯಲ್ಲಿ ಹೇಳಿದಳು: "ನೀ ನೋಡು ಅಂದಾಗೊಮ್ಮೆ ಕತ್ತಲಿ ಆಗತದ. ನೀ ಒಂದೀಟು ಸುಮ್ಮನ ಕೂತರ ಮಂದಿಗೆ ಬೆಳಕರೆ ಸಿಗತದ."

೪. ಮೊದಲು ದೇವರು, ಕೊನೆಗೆ ಹುಲಿ

ಅಂತೂ ಮುಂಬೈ ಸೇರಿ, ಟ್ರಾಮು ಹಿಡಿದು, ಅಜಬಖಾನೆಯ ಮೆಟ್ಟಿಲು ಹತ್ತಿದೆವು. ಎತ್ತರದ ಗುಮ್ಮಟ ನೋಡಿ ನನ್ನ ಟೊಪ್ಪಿಗೆ ಬಿದ್ದುಹೋಯಿತು. ಅವ್ವ ಬಾಗಿಲಲ್ಲೇ ನಿಂತು, "ಒಳಗ ಏನೇನದ?" ಎಂದು ಕೇಳಿದಳು.

"ಹಳೇ ಕಾಲದ ದೇವರ ಮೂರ್ತಿ ಅವ. ಚಿತ್ರ ಅವ. ಹುಲಿ, ಕರಡಿ, ಹಕ್ಕಿ ಅವ."

"ಹುಲಿ ಜೀವ ಇದ್ದದ್ದೋ, ಸತ್ತದ್ದೋ?"

"ಸತ್ತದ್ದವ್ವಾ. ಹೊಟ್ಯಾಗ ಹುಲ್ಲು ತುಂಬಿರತಾರ."

"ಹಾಂಗಾರ ಮೊದಲ ದೇವರು, ಹಿಂದಾಗಡೆ ಹುಲಿ. ಸತ್ತದ್ದು ನೋಡಿ ದೇವರ ಮುಂದ ಹೋಗಲಿಕ್ಕೆ ಬರೂದಿಲ್ಲ. ಅದನ್ನ ಕಡೀಕ ನೋಡಿದ್ರ ಮನಿಗೆ ಹೋಗಿ ಒಂದ ಸ್ನಾನದಾಗ ಮುಗೀತದ."

ಇಷ್ಟು ಚೆನ್ನಾದ ಯೋಜನೆಯನ್ನು ನಾನು ಕೂಡ ಹಾಕಿರಲಿಲ್ಲ. ಆದರೆ ಅಜಬಖಾನೆ ಕಟ್ಟಿದವರು ಅವ್ವನನ್ನು ಕೇಳಿರಲಿಲ್ಲ. ನಾವು ಹೋದ ಬಾಗಿಲಿನಿಂದ ದೇವರ ಕೋಣೆಗೆ ದಾರಿ ಪ್ರಾಣಿಗಳ ನಡುವಿನಿಂದಲೇ ಇತ್ತು. ಅವ್ವ ತಡಮಾಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ, ಮೊಮ್ಮಗಳ ಹೆಗಲಿಗೆ ಕೈಯಿಟ್ಟು, "ನಡಿ, ದೇವರು ಬಂದ ಮ್ಯಾಲೆ ಹೇಳು" ಎಂದಳು. ಅವರ ಹಿಂದೆ ಹೆಂಡತಿ. ನಾನು ಮಾತ್ರ ಮಾಡಿನಿಂದ ತೂಗುಬಿಟ್ಟ ತಿಮಿಂಗಿಲದ ಎಲುಬಿನ ಕೆಳಗೆ ನಿಂತುಬಿಟ್ಟೆ. ಒಂದೊಂದು ಎಲುಬು ನಮ್ಮ ವಾಡೆಯ ತೊಲೆಯಷ್ಟಿತ್ತು. ದೇವರೆ, ನಿನ್ನ ಸಮುದ್ರದಲ್ಲಿ ಏನೇನಿದೆ ಎಂದು ಬಾಯಿ ತೆರೆದುಕೊಂಡು ನಿಂತವನಿಗೆ ಲೋಕದ ಪರಿವೆಯಿರಲಿಲ್ಲ.

ಆಮೇಲೆ ಆದದ್ದನ್ನು ಹೆಂಡತಿ ಹೇಳಿದಳು. ಕಣ್ಣು ಮುಚ್ಚಿದ ಮುದುಕಿ, ಅವಳಿಗೆ ದಾರಿ ತೋರಿಸುವ ಸಣ್ಣ ಹುಡುಗಿ, ಇವರನ್ನು ನೋಡಿ ದೇವರ ಕೋಣೆಯ ಕಾವಲುಗಾರನ ಕರುಳು ಕರಗಿತು. ದೊಡ್ಡ ಮೀಸೆಯ ಕೊಂಕಣದ ಆಸಾಮಿ. ಕಾಣದವರಿಗೆ ಮುಟ್ಟಿಯಾದರೂ ತಿಳಿಯಲಿ ಎಂದು ಅಡ್ಡ ಕಟ್ಟಿದ ಹಗ್ಗ ಬಿಚ್ಚಿ, ಅವ್ವನ ಕೈ ಹಿಡಿದು, ಆಳೆತ್ತರದ ಕರಿಕಲ್ಲಿನ ವಿಷ್ಣುವಿನ ಪಾದದ ಮೇಲೆ ಇರಿಸಿದ. ಇಲ್ಲಿ ಹೀಗೆ ಪಾದ ಮುಟ್ಟಿಸಿ ನಮಸ್ಕಾರ ಮಾಡಿಸುತ್ತಾರೆ ಎಂದು ಅವ್ವನಿಗೂ ಸಮಾಧಾನವಾಯಿತು. ಹಣೆ ಮುಟ್ಟಿಸಿದಳು. ಮೊಮ್ಮಗಳು, "ಅಜ್ಜಿ, ದೇವರು ಬಂತು" ಎಂದಳು. ಅವ್ವ ಕಣ್ಣು ತೆರೆದು ಮೂರ್ತಿಯನ್ನು ಮೇಲಿನಿಂದ ಕೆಳಗೆ ನೋಡಿ, ಪಾದದ ಕಡೆ ಬೆರಳು ಮಾಡಿ, "ಇಲ್ಲೆ ಧೂಳಿ ಕೂತದ ನೋಡು" ಎಂದಳು.

ಕಾವಲುಗಾರನ ಕೈಯ ಕೋಲು ಕೆಳಗೆ ಬಿತ್ತು. "ಆಜಿ, ದಿಸತಂಯ?" ಎಂದ. ಕಾಣುತ್ತದೆಯೇ ಎಂದು ಅವನ ಪ್ರಶ್ನೆ. ಅವ್ವ ಪುಣೆಗೆ ಬಂದು ಕಲಿತ ಮರಾಠಿಯಲ್ಲಿ, "ದಿಸತಂಯ, ದಿಸತಂಯ" ಎಂದಳು. ಆ ಮನುಷ್ಯ ವಿಷ್ಣುವಿನ ಮುಂದೆ ಸಾಷ್ಟಾಂಗ ಬಿದ್ದ.

ನಾನು ಹೋಗುವಷ್ಟರಲ್ಲಿ ಕೋಣೆ ತುಂಬ ಜನ. ಒಬ್ಬರಿಗೊಬ್ಬರು ಪಿಸುಗುಡುತ್ತಿದ್ದರು: ಒಳಗೆ ಬಂದಾಗ ಕುರುಡಿ, ಈಗ ಕಣ್ಣು ಬಂತು. ಯಾರೋ ಮೂರ್ತಿಯ ಮುಂದೆ ಹೂವಿಟ್ಟಿದ್ದರು. ನಾನು ಕಾವಲುಗಾರನನ್ನು ಪಕ್ಕಕ್ಕೆ ಕರೆದು, ಇವಳಿಗೆ ಹುಟ್ಟಿದಾಗಿನಿಂದ ಕಣ್ಣು ಚೆನ್ನಾಗಿಯೇ ಇವೆ ಎಂದು ಹೇಳಿದೆ. ಅವನು ನನ್ನ ಕೈ ಅದುಮಿ, "ಗೊತ್ತು ರಾವಸಾಹೇಬ, ಇಂಥದನ್ನು ಹೊರಗೆ ಹೇಳಬಾರದು ಅಂತ ನಮ್ಮ ಕಡೆಯೂ ಇದೆ" ಎಂದ.

ಅವ್ವನ ಯೋಜನೆಯ ಪ್ರಕಾರ ಇನ್ನು ಹುಲಿಯ ಸರದಿ. ಕಾವಲುಗಾರ ತಾನೇ ಕೈ ಹಿಡಿದು ಕರೆದುಕೊಂಡು ಹೋದ. ಇದು ಹುಲಿ ಆಜಿ, ಇದು ಕರಡಿ, ಇದು ನವಿಲು, ಹೀಗೆ ಹೊಸದಾಗಿ ಜಗತ್ತು ಕಂಡವಳಿಗೆ ತೋರಿಸುವಂತೆ ಒಂದೊಂದನ್ನೂ ತೋರಿಸಿದ. ಹಿಂದೆ ಅಷ್ಟೂ ಜನ, ಉಸಿರು ಬಿಗಿಹಿಡಿದು, ಅವಳ ಮುಖದ ಮೇಲೆ ಬೆರಗು ಮೂಡುವುದನ್ನು ಕಾಯುತ್ತಿದ್ದರು. ಅವರು ಈಗ ಕಾಯುತ್ತಿದ್ದದ್ದನ್ನು ನಾನು ಮಳೆಗಾಲದುದ್ದಕ್ಕೂ ಕಾದಿದ್ದೆ. ಅವ್ವ ಹುಲಿಯನ್ನು ದಿಟ್ಟಿಸಿ ನೋಡಿ ಕನ್ನಡದಲ್ಲಿ, "ಇಂಥಾವು ಕಲಘಟಗಿ ಅಡವ್ಯಾಗ ಬೇಕಾದಷ್ಟು ಅವ" ಎಂದಳು.

ಆಜಿ ಏನೆಂದರು, ಏನೆಂದರು ಎಂದು ಎಲ್ಲರೂ ನನ್ನನ್ನು ಮುತ್ತಿದರು. ಅಷ್ಟು ಕಣ್ಣುಗಳ ಮುಂದೆ ಏನು ಹೇಳಲಿ? "ಜಗತ್ತು ತಾನು ಅಂದುಕೊಂಡ ಹಾಗೇ ಇದೆ ಅನ್ನುತ್ತಾಳೆ" ಎಂದೆ. ಕಾವಲುಗಾರ ಕಣ್ಣೊರೆಸಿಕೊಂಡ.

೫. ಹುಣಸೆಹಣ್ಣು

ಮಹಾಲಯ ಪಕ್ಷ ಅರ್ಧ ಕಳೆಯಿತು. ನವರಾತ್ರಿಗೆ ಇನ್ನು ಒಂದು ವಾರ. ಅವ್ವ ತನ್ನ ಟ್ರಂಕು ತುಂಬಿ, ಹಗ್ಗ ಬಿಗಿದು ಬಾಗಿಲ ಬಳಿ ಇಟ್ಟಳು. ಹೆಂಡತಿ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು, ಧಾರವಾಡವನ್ನು ನಾನೇ ಅಲ್ಲಿ ಕಟ್ಟಿಸಿದೆನೆಂಬಂತೆ. ನನಗೂ ಊಟ ಸೇರುತ್ತಿರಲಿಲ್ಲ. ತೋರಿಸುವುದನ್ನೆಲ್ಲ ತೋರಿಸಿ ಮುಗಿಸಿದ್ದೆ. ಇನ್ನು ಅವಳನ್ನು ನಿಲ್ಲಿಸಿಕೊಳ್ಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

"ಹೋಗೂಕಿಂತ ಮೊದಲ ನಿನ್ನ ಮನಿ ಭಾಂಡೆ ಎಲ್ಲಾ ತಿಕ್ಕಿ ಹೋಗತೇನಿ. ಹಬ್ಬ ಬಂತು" ಎಂದು ಅವ್ವ ಹುಣಸೆಹಣ್ಣು ತರಲು ಮಂಡಈ ಮಾರ್ಕೆಟ್ಟಿಗೆ ಹೊರಟಳು. ರವಿವಾರವಾದ್ದರಿಂದ ನಾಲ್ವರೂ ನಡೆದೇ ಹೋದೆವು. ಹುಣಸೆಹಣ್ಣಿನ ಉಂಡೆ ಕೊಂಡು ಹೊರಬಂದರೆ ಮಳೆ. ಮಂಡಈಯಿಂದ ನಾಲ್ಕು ಹೆಜ್ಜೆಯಲ್ಲಿ ಒಂದು ಸಣ್ಣ ಅಜಬಖಾನೆಯಿತ್ತು. ಈ ಕಡೆಯ ಕುಶಲಕರ್ಮಿಗಳ ಕೆಲಸ ಇಡುವ ಜಾಗ. ದಿನಾ ಅದರ ಮುಂದೆಯೇ ಓಡಾಡುವವನಾದ್ದರಿಂದ ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಳೆ ನಿಲ್ಲುವವರೆಗೆ ಒಳಗೆ ನಿಲ್ಲೋಣ ಎಂದೆ.

ಒಳಗೆ ಹೋದರೆ ಒಂದು ಉದ್ದನೆಯ ಕೋಣೆ, ಕೋಣೆಯ ತುಂಬ ತಾಮ್ರ ಹಿತ್ತಾಳೆ. ಪುಣೆಯ ತಾಂಬಟರು ಬಡಿದು ಮಾಡಿದ ಹಂಡೆ, ಕೊಡ, ಘಂಗಾಳ, ತಂಬಿಗೆ, ಆಳೆತ್ತರದ ದೀಪ. ನೆಲದಿಂದ ಮಾಡಿನವರೆಗೆ ಸಾಲು ಸಾಲು. ವರ್ಷಗಳಿಂದ ಯಾರೂ ಮುಟ್ಟದೆ ಎಲ್ಲವೂ ಕರ್ರಗೆ ಕೂತಿದ್ದವು. ಅವ್ವ ಹೊಸ್ತಿಲಲ್ಲಿ ನಿಂತಳು. ಅವಳ ಬಾಯಿ ತೆರೆದುಕೊಂಡಿತು. ಕೈ ತಾನಾಗಿ ಗಲ್ಲದ ಮೇಲೆ ಹೋಯಿತು.

ನಾನು ಹೆಂಡತಿಯ ತೋಳು ಹಿಡಿದೆ. ಇಬ್ಬರೂ ನೋಡಿದೆವು. ನನ್ನ ಅವ್ವ ಬೆರಗಾಗಿದ್ದಳು. ಬೋಗದೆಗೆ, ತಿಮಿಂಗಿಲಕ್ಕೆ, ಮುಂಬೈಗೆ ಬಗ್ಗದವಳು ನಾನು ದಿನಾ ದಾಟಿ ಹೋಗುವ ಕೋಣೆಯೊಂದರಲ್ಲಿ ಮಾತು ಕಳೆದುಕೊಂಡು ನಿಂತಿದ್ದಳು. ನನಗೆ ಅಳು ಬರುವುದೊಂದೇ ಬಾಕಿ. ಈ ಹೊತ್ತನ್ನು ಕೆಡಿಸಬಾರದು, ನೋಡು ಎನ್ನಲೂ ಬಾರದು ಎಂದು ಅವಳನ್ನೂ ಮಗಳನ್ನೂ ಅಲ್ಲೇ ಬಿಟ್ಟು, ಸದ್ದಾಗದಂತೆ ನಾವಿಬ್ಬರೂ ಪಕ್ಕದ ಕೋಣೆಗೆ ಹೋಗಿ ದಂತದ ಕೆಲಸ ನೋಡಿದೆವು. ಹೆಂಡತಿ ಎರಡು ದಿನದ ಮೌನ ಮುರಿದು, "ನಿಮಗ ಒಂದೊಂದು ಸಲ ಬುದ್ಧಿ ಇರತದ" ಎಂದಳು.

ತಿರುಗಿ ಬಂದಾಗ ಅವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಸಾಲಿನಿಂದ ಇಳಿಸಿದ ಒಂದು ತಾಮ್ರದ ಕೊಡ. ಕೈಯಲ್ಲಿ ಹುಣಸೆಹಣ್ಣು. ಪಕ್ಕದಲ್ಲಿ ಮಗಳು ಬೊಗಸೆಯಲ್ಲಿ ಮಳೆನೀರು ಹಿಡಿದು ತಂದು ಹನಿಸುತ್ತಿದ್ದಳು. ಅರ್ಧ ಕೊಡ ಕರ್ರಗಿತ್ತು, ಅರ್ಧ ಕೊಡ ಕೆಂಪಗೆ ಹೊಳೆಯುತ್ತಿತ್ತು. ಬಾಗಿಲಲ್ಲಿ ಕನ್ನಡಕದ ವಯಸ್ಸಾದವರೊಬ್ಬರು ಕಲ್ಲಾಗಿ ನಿಂತಿದ್ದರು. ಅಜಬಖಾನೆಯ ಮುಖ್ಯಸ್ಥರು ಅವರೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸರಕಾರಿ ನೌಕರನ ತಾಯಿ ಸಾರ್ವಜನಿಕ ವಸ್ತು ಕೆಡಿಸಿದಳು. ನನ್ನ ನೌಕರಿ ಹೋದಂತೆ, ಬಿಡಾರ ಬಿಟ್ಟಂತೆ, ನಾವೆಲ್ಲರೂ ಅಣ್ಣನ ಮನೆ ಸೇರಿದಂತೆ ಒಂದೇ ಕ್ಷಣದಲ್ಲಿ ಕಂಡಿತು. ನಾನು ಕೈಮುಗಿದೆ.

ಮುಖ್ಯಸ್ಥರು ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಹೇಳಿದರು: "ಹಳೆಯ ವಸ್ತುವಿನ ಮೇಲಿನ ಕಪ್ಪನ್ನು ತೆಗೆಯುವಂತಿಲ್ಲ. ಅದು ಅದರ ವಯಸ್ಸು. ಇವರಿಗೆ ತಿಳಿಸಿ."

ನಾನು ಅವ್ವನಿಗೆ ಕನ್ನಡದಲ್ಲಿ ತಿಳಿಸಿದೆ. ಅವಳು ಕೈ ನಿಲ್ಲಿಸದೆ, "ವಯಸ್ಸಾತು ಅಂತ ಮುಖಾ ತೊಳಕೋಬಾರದೇನು? ನಾ ದಿನಾ ತೊಳಕೋತೇನಿ" ಎಂದಳು.

ನಾನು ಇದನ್ನು ಮೆತ್ತಗೆ ಮಾಡಿ ಹೇಳಬೇಕೆಂದಿದ್ದೆ, ಆದರೆ ನನ್ನ ಹೆಂಡತಿ ಹೇಗಿತ್ತೋ ಹಾಗೆಯೇ ಮರಾಠಿಯಲ್ಲಿ ಹೇಳಿಬಿಟ್ಟಳು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತಿರ ಬಂದು ಬಗ್ಗಿ ಕೊಡ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನಮಗಲ್ಲ, ಕೊಡಕ್ಕೇ ಹೇಳುವಂತೆ ಮಾತಾಡಿದರು. ತಾವು ಹುಡುಗರಾಗಿ ಇಲ್ಲಿ ಕೆಲಸಕ್ಕೆ ಬಂದ ಹೊಸದರಲ್ಲಿ ತಾಂಬಟರು ಇದನ್ನು ತಲೆಯ ಮೇಲೆ ಹೊತ್ತು ತಂದಿದ್ದರು, ಆವತ್ತು ಇದು ಹೀಗೇ ಇತ್ತು, ಮತ್ತೆ ಹೀಗೆ ನೋಡುತ್ತೇನೆ ಎಂದುಕೊಂಡಿರಲಿಲ್ಲ ಎಂದರು. ಈ ಸಾಲಿನದು ಯಾವುದೂ ಪುರಾತನವಲ್ಲ, ತಿಕ್ಕಿದರೆ ಏನೂ ಕೆಡುವುದಿಲ್ಲ. ಆದರೆ ಆ ಗಾಜಿನ ಕಪಾಟಿನದು ಮಾತ್ರ ದಯವಿಟ್ಟು ಮುಟ್ಟಬೇಡಿ ಎಂದು ನನ್ನ ಕಡೆ ತಿರುಗಿ ಹೇಳಿದರು. ಹೋದ ಜೀವ ನನಗೆ ಬಂತು. ಅಷ್ಟರಲ್ಲಿ ಮಳೆಗೆ ಒಳಬಂದ ನಾಲ್ಕೈದು ಜನ ಉಳಿದದ್ದನ್ನೆಲ್ಲ ಬಿಟ್ಟು ಆ ಒಂದು ಕೊಡದ ಸುತ್ತ ನೆರೆದಿದ್ದರು. ಮುಖ್ಯಸ್ಥರು ಅವರನ್ನೂ, ಕೋಣೆಯ ಉದ್ದಕ್ಕೂ ಇದ್ದ ಕಪ್ಪು ಸಾಲನ್ನೂ ನೋಡಿ, ಸಂಕೋಚದಿಂದ ಅವ್ವನ ಬಳಿ ಬಗ್ಗಿ ಕೇಳಿದರು:

"ಆಜಿ, ಹುಣಸೆಹಣ್ಣು ಹಳೆಯದೋ, ಹೊಸದೋ?"

ಮಳೆ ನಿಂತ ಮೇಲೆ ಮನೆಗೆ ಬಂದೆವು. ಅವ್ವ ಕಾಲು ತೊಳೆದು ಒಳಗೆ ಬಂದು, ಬಾಗಿಲ ಬಳಿಯ ಟ್ರಂಕಿನ ಕಡೆ ಕೈ ತೋರಿಸಿ, "ಹಗ್ಗಾ ಬಿಚ್ಚು" ಎಂದಳು.

"ಯಾಕವ್ವಾ?"

"ಅಲ್ಲಿ ಅಷ್ಟು ಭಾಂಡೆ ಕರ್ರಗ ಕೂತಾವ. ಹಾಂಗ ಬಿಟ್ಟು ಊರಿಗೆ ಹೋದ್ರ ನನಗ ನಿದ್ದಿ ಹತ್ತೂದಿಲ್ಲ. ಆ ಕನ್ನಡಕದಾವ ದಿನಾ ಬರ್ರಿ ಅಂದಾನ."

ನಾನು ಬಗ್ಗುವ ಮೊದಲೇ ಹೆಂಡತಿ ಗಂಟಿಗೆ ಹಲ್ಲು ಹಾಕಿದ್ದಳು. ಅಂತೂ ನನ್ನ ಊರು ಗೆದ್ದಿತು ಎಂದು, "ಹಾಂಗಾರ ಪುಣೆ ನಿನಗ ಛಲೋ ಅನಿಸಿತಲ್ಲವ್ವಾ?" ಎಂದು ಕೇಳಿದೆ.

ಅವ್ವ ನನ್ನನ್ನು ಕನಿಕರದಿಂದ ನೋಡಿದಳು.

"ಛಲೋ ಧಾರವಾಡ ಅದ. ಅಲ್ಲಿ ನನಗೇನು ಕೆಲಸ? ಇದು ಭಾಳ ಹೊಲಸ ಅದ. ಅದಕ್ಕ ಉಳೀತೇನಿ."